ತೋಳಮಾನವನ ಚಿತ್ರಗಳಲ್ಲಿ ಹಳೆಯ ಚಿತ್ರಗಳ ನೆನಪು: ಅಲಂಕಾರವೋ, ಆಧಾರವೋ?

ಹಳೆಯ ರೀಲು

ಡ್ರಾಕುಲಾನ ಕಥೆಯನ್ನು ಹೊಸದಾಗಿ ಹೇಳಹೊರಟವರು ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಕಾದಂಬರಿಗೆ ಮರಳಬಹುದು. ಫ್ರಾಂಕೆನ್‌ಸ್ಟೈನ್‌ನ ಕಥೆಗೆ ಮೇರಿ ಶೆಲ್ಲಿಯವರ 1818ರ ಕೃತಿ ಇದೆ. ತೋಳಮಾನವನಿಗೆ ಮಾತ್ರ ಎಲ್ಲರೂ ಒಪ್ಪಿ ಹಿಂದಿರುಗುವಂಥ ಮೂಲಗ್ರಂಥವಿಲ್ಲ. ಗೈ ಎಂಡೋರ್ ಬರೆದ ‘ದಿ ವೇರ್‌ವುಲ್ಫ್ ಆಫ್ ಪ್ಯಾರಿಸ್’ 1933ರಲ್ಲಿ ಬಂತು, ಅದನ್ನು ಆಧರಿಸಿ ಹ್ಯಾಮರ್ ಸಂಸ್ಥೆ 1961ರಲ್ಲಿ ‘ದಿ ಕರ್ಸ್ ಆಫ್ ದಿ ವೇರ್‌ವುಲ್ಫ್’ ಎಂಬ ಚಿತ್ರವನ್ನೂ ಮಾಡಿತು. ಆದರೂ ಆ ಕಾದಂಬರಿಗೆ ಸ್ಟೋಕರ್ ಕೃತಿಯ ಸ್ಥಾನ ದೊರೆಯಲಿಲ್ಲ. ಹೀಗಾಗಿ ತೋಳಮಾನವನ ಚಿತ್ರ ಮಾಡುವವರು ಹಿಂದಿರುಗಿ ನೋಡಿದಾಗ ಅವರ ಕಣ್ಣಿಗೆ ಬೀಳುವುದು ಇನ್ನೊಂದು ಚಿತ್ರವೇ.

ಆ ಇನ್ನೊಂದು ಚಿತ್ರ ಬಹುಮಟ್ಟಿಗೆ 1941ರ ‘ದಿ ವುಲ್ಫ್ ಮ್ಯಾನ್’. ಜಾರ್ಜ್ ವ್ಯಾಗ್ನರ್ ನಿರ್ದೇಶಿಸಿದ ಈ ಯೂನಿವರ್ಸಲ್ ಚಿತ್ರಕ್ಕೆ ಕಥೆ ಬರೆದವರು ಜರ್ಮನಿಯನ್ನು ಬಿಟ್ಟು ಬಂದಿದ್ದ ಯಹೂದಿ ಲೇಖಕ ಕರ್ಟ್ ಸಿಯೋಡ್‌ಮ್ಯಾಕ್. ಮನಸ್ಸು ನಿರ್ಮಲವಾಗಿರುವ, ರಾತ್ರಿ ಪ್ರಾರ್ಥನೆಯನ್ನು ತಪ್ಪಿಸದ ಮನುಷ್ಯನೂ ತೋಳವಾಗಬಲ್ಲ ಎಂಬ ಪದ್ಯವೊಂದನ್ನು ಆ ಚಿತ್ರದಲ್ಲಿ ಒಬ್ಬರ ಬಳಿಕ ಒಬ್ಬರು ಹೇಳುತ್ತಾರೆ. ಅದು ಶತಮಾನಗಳಿಂದ ಜನರ ಬಾಯಲ್ಲಿ ಉಳಿದು ಬಂದದ್ದೆಂದು ನಂಬಿದವರು ಅನೇಕರು. ಚಿತ್ರವನ್ನು ಮೊದಲ ಸಲ ನೋಡಿದಾಗ ನಾನೂ ಹಾಗೆಯೇ ನಂಬಿದ್ದೆ. ವಾಸ್ತವದಲ್ಲಿ ಅದನ್ನು ಸಿಯೋಡ್‌ಮ್ಯಾಕ್ ಅವರೇ ರಚಿಸಿದ್ದರು. ಅದರಲ್ಲಿದ್ದ ಶರತ್ಕಾಲದ ಚಂದ್ರ, 1943ರ ‘ಫ್ರಾಂಕೆನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್’ ಹೊತ್ತಿಗೆ ಪೂರ್ಣಚಂದ್ರನಾಗಿ ಬದಲಾದ. ಹುಣ್ಣಿಮೆಯ ಮಾತು 1935ರ ‘ವೇರ್‌ವುಲ್ಫ್ ಆಫ್ ಲಂಡನ್’ ಚಿತ್ರದಲ್ಲೂ ಬರುತ್ತದೆ ನಿಜ. ಆದರೆ ತೋಳಮಾನವನನ್ನು ಬೆಳ್ಳಿಯಿಂದ ಮಾತ್ರ ಕೊಲ್ಲಬಹುದೆಂಬ ನಿಯಮ ಅಲ್ಲಿಲ್ಲ, ನಾಯಕ ಸಾಮಾನ್ಯ ಗುಂಡಿಗೇ ಸಾಯುತ್ತಾನೆ.

ಇಂದು ನಾವು ಪುರಾತನ ನಂಬಿಕೆಯೆಂದು ತಿಳಿದಿರುವ ಹುಣ್ಣಿಮೆ, ಬೆಳ್ಳಿ, ಕಚ್ಚಿದರೆ ಅಂಟುವ ಶಾಪ, ಅಂಗೈಯಲ್ಲಿ ಕಾಣುವ ಪಂಚಕೋನ ನಕ್ಷತ್ರ ಇವೆಲ್ಲ ಒಂದೇ ಕಟ್ಟಾಗಿ ಕೂಡಿದ್ದು ಈ ಕೆಲವು ಚಿತ್ರಗಳಲ್ಲಿ, ಎಂಟೇ ವರ್ಷಗಳ ಅವಧಿಯಲ್ಲಿ. ಹಾಗಿರುವಾಗ ಹೊಸ ಚಿತ್ರವೊಂದು ಹಳೆಯದನ್ನು ನೆನೆಯುವುದನ್ನು ಕೇವಲ ಅಭಿಮಾನಿಯ ನಮಸ್ಕಾರವೆಂದು ಕರೆಯಬಹುದೇ? ಅದು ತನ್ನ ಶಾಸ್ತ್ರವನ್ನು ಓದುವ ಕ್ರಮವೇ ಆಗಿದೆಯೆಂದು ನನಗೆ ಅನಿಸುತ್ತದೆ. ನಿಮ್ಮ ಅಭಿಪ್ರಾಯ ತಿಳಿಸಿ.

ಕೊನೆಯ ಸಾಲು

ಹಳೆಯ ರೀಲು ಅವರೇ, ನಿಮ್ಮ ಮೂಲ ಮಾತನ್ನು ಒಪ್ಪುತ್ತೇನೆ, ಆದರೆ ನೀವು ಅದರಿಂದ ತೆಗೆದ ತೀರ್ಮಾನ ಉದಾರವಾಯಿತು. ಶಾಸ್ತ್ರವನ್ನು ಓದುವುದು ಬೇರೆ, ಶಾಸ್ತ್ರಕಾರರ ಹೆಸರುಗಳನ್ನು ಪಟ್ಟಿ ಮಾಡುವುದು ಬೇರೆ. ಜೋ ಡಾಂಟೆ ನಿರ್ದೇಶಿಸಿದ ‘ದಿ ಹೌಲಿಂಗ್’ (1981) ಚಿತ್ರದಲ್ಲಿ ಪಾತ್ರಗಳಿಗೆ ಜಾರ್ಜ್ ವ್ಯಾಗ್ನರ್, ಟೆರಿ ಫಿಶರ್, ಅರ್ಲ್ ಕೆಂಟನ್, ಫ್ರೆಡ್ ಫ್ರಾನ್ಸಿಸ್ ಎಂದೆಲ್ಲ ತೋಳಮಾನವನ ಚಿತ್ರಗಳ ನಿರ್ದೇಶಕರ ಹೆಸರುಗಳನ್ನು ಇಡಲಾಗಿದೆ. ನೀಲ್ ಮಾರ್ಷಲ್ ಅವರ ‘ಡಾಗ್ ಸೋಲ್ಜರ್ಸ್’ (2002) ಚಿತ್ರದಲ್ಲಿ ಒಬ್ಬ ಸೈನಿಕನಿಗೆ ಭಯಾನಕ ಚಿತ್ರಗಳ ನಟ ಬ್ರೂಸ್ ಕ್ಯಾಂಪ್‌ಬೆಲ್ ಅವರ ಹೆಸರು, ಇನ್ನೊಬ್ಬ ಲೇಖಕ ಎಚ್. ಜಿ. ವೆಲ್ಸ್ ಅವರನ್ನು ನೆನಪಿಸುವ ಹ್ಯಾರಿ ವೆಲ್ಸ್. ಗುರುತಿಸಿದವರಿಗೆ ಒಂದು ಕ್ಷಣದ ಸಂತೋಷ ಸಿಗುತ್ತದೆ. ಗುರುತಿಸದವರಿಗೆ ಅದು ಬರಿಯ ಹೆಸರು. ಭಯವಾಗಲಿ, ದುಃಖವಾಗಲಿ ಅದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ.

‘ಡಾಗ್ ಸೋಲ್ಜರ್ಸ್’ ನನಗೆ ಪ್ರಿಯವಾದ ಚಿತ್ರ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಂಟಿ ಮನೆಯೊಳಗೆ ಸಿಕ್ಕಿಬಿದ್ದ ಸೈನಿಕರು ಕಿಟಕಿಗಳಿಗೆ ಹಲಗೆ ಹೊಡೆದು ರಾತ್ರಿ ಕಳೆಯುವ ಆ ಕಟ್ಟೋಣ ತೋಳಮಾನವನ ಚಿತ್ರಗಳಿಂದ ಬಂದದ್ದಲ್ಲ, ಮುತ್ತಿಗೆಯ ಚಿತ್ರಗಳಿಂದ ಬಂದದ್ದು. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ನೋಡಿದವರಿಗೆ ಆ ಮನೆ ಪರಿಚಿತವೆನಿಸುತ್ತದೆ. ಅಲ್ಲಿ ಕೆಲಸ ಮಾಡುವುದು ಆ ಕಟ್ಟೋಣವೇ, ಹೆಸರುಗಳಲ್ಲ.

ಹಳೆಯ ರೀಲು

ಹೆಸರುಗಳ ವಿಷಯದಲ್ಲಿ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆದರೆ ‘ದಿ ಹೌಲಿಂಗ್’ ಅಲ್ಲಿಗೆ ನಿಲ್ಲುವುದಿಲ್ಲ. ಅದರೊಳಗಿನ ಟಿವಿಯಲ್ಲಿ 1941ರ ‘ದಿ ವುಲ್ಫ್ ಮ್ಯಾನ್’ ಓಡುತ್ತಿರುತ್ತದೆ. ಪುಸ್ತಕದಂಗಡಿಯೊಂದರಲ್ಲಿ ಡಿಕ್ ಮಿಲ್ಲರ್ ನಿರ್ವಹಿಸಿದ ಮಾಲೀಕನ ಪಾತ್ರ ಬೆಳ್ಳಿಯ ಗುಂಡುಗಳ ಬಗ್ಗೆ ತಿಳಿವಳಿಕೆ ಕೊಡುತ್ತದೆ, ಅದೇ ಅಂಗಡಿಯಲ್ಲಿ ಭಯಾನಕ ಚಿತ್ರಗಳ ಪತ್ರಿಕೆಯ ಸಂಪಾದಕ ಫಾರೆಸ್ಟ್ ಅಕರ್ಮನ್ ಕ್ಷಣಕಾಲ ಕಾಣಿಸಿಕೊಳ್ಳುತ್ತಾರೆ. ಅಂದರೆ ಪಾತ್ರಗಳೂ ನಮ್ಮಂತೆಯೇ ತೋಳಮಾನವನನ್ನು ಚಿತ್ರಗಳಿಂದ ಮತ್ತು ಅಂಗಡಿಯ ಪುಸ್ತಕಗಳಿಂದ ಕಲಿಯಬೇಕಾದವರು. ಕೊನೆಯಲ್ಲಿ ವಾರ್ತಾವಾಚಕಿ ನೇರ ಪ್ರಸಾರದಲ್ಲೇ ರೂಪಾಂತರ ಹೊಂದಿದಾಗ, ನೋಡುತ್ತಿದ್ದವರಲ್ಲಿ ಕೆಲವರು ಅದನ್ನೂ ಒಂದು ಚಮತ್ಕಾರದ ದೃಶ್ಯವೆಂದು ಬಗೆದು ಸುಮ್ಮನಾಗುತ್ತಾರೆ. ತೋಳಮಾನವನನ್ನು ಪರದೆಯ ಮೇಲೆ ನೋಡಿ ನೋಡಿ ಅಭ್ಯಾಸವಾದ ಜನಕ್ಕೆ ನಿಜವಾದವನು ಎದುರಿಗೆ ಬಂದರೂ ನಂಬಿಕೆ ಹುಟ್ಟುವುದಿಲ್ಲ ಎಂಬ ಈ ಮುಕ್ತಾಯ ಅಷ್ಟು ತೀಕ್ಷ್ಣವಾಗಿ ತಾಗಬೇಕಾದರೆ, ಆ ಹಳೆಯ ಚಿತ್ರ ಟಿವಿಯಲ್ಲಿ ಮೊದಲೇ ಓಡಿರಬೇಕು. ಇಲ್ಲಿ ಸ್ಮರಣೆಯನ್ನು ಕಿತ್ತರೆ ಕಥೆಯೇ ಕುಸಿಯುತ್ತದೆ.

ಈ ಪೀಳಿಗೆಯವರಿಗೆ ಹಳೆಯ ಚಿತ್ರಗಳು ದೊರೆತ ಬಗೆಯನ್ನೂ ಹೇಳಬೇಕು. 1957ರಲ್ಲಿ ಯೂನಿವರ್ಸಲ್‌ನ 52 ಹಳೆಯ ಚಿತ್ರಗಳ ಗುಚ್ಛವೊಂದು ‘ಶಾಕ್’ ಎಂಬ ಹೆಸರಿನಲ್ಲಿ ಅಮೆರಿಕದ ಟಿವಿ ಕೇಂದ್ರಗಳಿಗೆ ಮಾರಾಟವಾಯಿತು. ಮರುವರ್ಷವೇ ಅಕರ್ಮನ್ ಸಂಪಾದಿಸಿದ ‘ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಪತ್ರಿಕೆ ಆರಂಭವಾಯಿತು. ಡಾಂಟೆ ಹುಟ್ಟಿದ್ದು 1946ರಲ್ಲಿ. ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ನಿರ್ದೇಶಿಸಿದ ಜಾನ್ ಲ್ಯಾಂಡಿಸ್ ಮತ್ತು ಪ್ರಸಾಧನ ಕಲಾವಿದ ರಿಕ್ ಬೇಕರ್ ಇಬ್ಬರೂ 1950ರಲ್ಲಿ. ಬಾಲ್ಯದಲ್ಲಿ ಮನೆಯ ಟಿವಿಯೆದುರು ಕುಳಿತು ಈ ಚಿತ್ರಗಳನ್ನು ನೋಡಿ ಬೆಳೆದ ತಲೆಮಾರು 1981ರಲ್ಲಿ ಕ್ಯಾಮೆರಾ ಹಿಡಿಯಿತು. ಹಾಗಾಗಿ ‘ದಿ ಹೌಲಿಂಗ್’ ಚಿತ್ರದಲ್ಲಿ ಟಿವಿಗೆ ಇಷ್ಟು ಜಾಗ ದೊರೆತದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಬಣ್ಣದ ಪೆಟ್ಟಿಗೆ

ಪ್ರಸಾಧನದ ದಾರಿಯಿಂದ ಈ ಚರ್ಚೆಗೆ ಬರಬಯಸುತ್ತೇನೆ, ಏಕೆಂದರೆ ಸ್ಮರಣೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ರೂಪಾಂತರದ ದೃಶ್ಯದಲ್ಲಿ.

ಜ್ಯಾಕ್ ಪಿಯರ್ಸ್ 1941ರಲ್ಲಿ ಲಾನ್ ಚೇನಿ ಜೂನಿಯರ್ ಮುಖದ ಮೇಲೆ ಯಾಕ್ ಪ್ರಾಣಿಯ ಕೂದಲನ್ನು ಅಂಟಿಸಿ ಆ ರೂಪವನ್ನು ಕಟ್ಟಿದರು. ಅಲ್ಲಿ ರೂಪಾಂತರವೆಂದರೆ ಡಿಸಾಲ್ವ್: ನಟ ಅಲುಗಾಡದೆ ಇರಬೇಕು, ಒಂದಿಷ್ಟು ಚಿತ್ರೀಕರಿಸಿ ನಿಲ್ಲಿಸಬೇಕು, ಕೂದಲನ್ನು ಇನ್ನೊಂದು ಹಂತಕ್ಕೆ ಬೆಳೆಸಬೇಕು, ಮತ್ತೆ ಅದೇ ಭಂಗಿಯಲ್ಲಿ ಚಿತ್ರೀಕರಿಸಬೇಕು, ಕೊನೆಗೆ ಈ ತುಣುಕುಗಳನ್ನು ಒಂದರೊಳಗೊಂದು ಕರಗಿಸಬೇಕು. ಆ ಮೊದಲ ಚಿತ್ರದಲ್ಲಿ ಮನುಷ್ಯ ತೋಳವಾಗುವಾಗ ನಮಗೆ ಕಾಣುವುದು ಕಾಲುಗಳು ಮಾತ್ರ. ಮುಖ ಬದಲಾಗುವುದನ್ನು ಕಾಣುವುದು ಕೊನೆಯಲ್ಲಿ, ಅದೂ ಹಿಮ್ಮುಖವಾಗಿ, ಸತ್ತು ಬಿದ್ದ ತೋಳ ಮತ್ತೆ ಕಥಾನಾಯಕ ಲ್ಯಾರಿ ಟಾಲ್ಬಟ್ ಆಗುವಾಗ. ಮನುಷ್ಯನ ಮುಖ ತೋಳದ ಮುಖವಾಗುವುದನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ನಾವು ಕಾಣುವುದು 1943ರ ಚಿತ್ರದಲ್ಲಿ. ಇದಕ್ಕಿಂತ ಮೊದಲು, 1931ರಲ್ಲಿ, ರೂಬೆನ್ ಮಮೂಲಿಯನ್ ಅವರ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಚಿತ್ರದಲ್ಲಿ ಇನ್ನೊಂದು ಉಪಾಯ ಬಳಕೆಯಾಗಿತ್ತು. ಬಣ್ಣದ ಪ್ರಸಾಧನವನ್ನು ಅದೇ ಬಣ್ಣದ ಫಿಲ್ಟರ್ ಮೂಲಕ ನೋಡಿದಾಗ ಅದು ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಮರೆಯಾಗುತ್ತದೆ. ಫಿಲ್ಟರ್ ಬದಲಿಸಿದೊಡನೆ ಕಟ್ ಇಲ್ಲದೆಯೇ ಮುಖದ ಮೇಲೆ ಗೆರೆಗಳು ಮೂಡುತ್ತವೆ. ಇಂದಿಗೂ ಅದನ್ನು ನೋಡುವಾಗ ನನ್ನ ಮೈ ನವಿರೇಳುತ್ತದೆ.

ಬೇಕರ್ ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ (1981) ಚಿತ್ರದಲ್ಲಿ ಮಾಡಿದ್ದು ಪಿಯರ್ಸ್ ಎಂಬ ಗುರುವಿಗೆ ಸಲ್ಲಿಸಿದ ಉತ್ತರವೆಂದೇ ನನ್ನ ಭಾವನೆ. ಡಿಸಾಲ್ವ್ ಇಲ್ಲ, ಕತ್ತಲೆಯ ಮರೆ ಇಲ್ಲ. ದೀಪ ಉರಿಯುತ್ತಿರುವ ಸಾಮಾನ್ಯ ಕೋಣೆಯಲ್ಲಿ ಅಂಗೈ ನೀಳವಾಗುತ್ತದೆ, ಬೆನ್ನುಮೂಳೆ ಎದ್ದು ಬರುತ್ತದೆ, ಹಿನ್ನೆಲೆಯಲ್ಲಿ ಸ್ಯಾಮ್ ಕುಕ್ ಹಾಡಿದ ‘ಬ್ಲೂ ಮೂನ್’ ಮೆಲುವಾಗಿ ಕೇಳುತ್ತಿರುತ್ತದೆ. ಹಳೆಯ ವಿಧಾನದಲ್ಲಿ ನಟ ಕಲ್ಲಿನಂತೆ ಇರಬೇಕಾಗಿತ್ತು, ಆದ್ದರಿಂದ ರೂಪಾಂತರ ನಿದ್ರೆಯ ಹಾಗೆ ಆವರಿಸುತ್ತಿತ್ತು. ಇಲ್ಲಿ ನಾಯಕ ಡೇವಿಡ್‌ನ ಪಾತ್ರ ಮಾಡಿದ ಡೇವಿಡ್ ನಾಟನ್ ಹೊರಳಾಡಬಹುದು, ಕೂಗಬಹುದು, ಕ್ಷಮೆ ಕೇಳಬಹುದು; ನೋವು ಮೊದಲ ಬಾರಿಗೆ ಇಷ್ಟು ದೀರ್ಘವಾಗಿ ಪರದೆಯ ಮೇಲೆ ಬಂತು. ಪ್ರಸಾಧನಕ್ಕೆ ಆಸ್ಕರ್ ನಿಯಮಿತ ವಿಭಾಗವಾದ ಮೊದಲ ವರ್ಷವೇ ಆ ಪ್ರಶಸ್ತಿ ಬೇಕರ್ ಅವರಿಗೆ ಸಂದಿತು. ‘ದಿ ಹೌಲಿಂಗ್’ ಕೆಲಸವನ್ನು ಅವರು ತಮ್ಮ ಸಹಾಯಕರಾಗಿದ್ದ ರಾಬ್ ಬೊಟಿನ್ ಅವರಿಗೆ ಒಪ್ಪಿಸಿ ಬಂದಿದ್ದರು. ಬೊಟಿನ್ ಚರ್ಮದ ಅಡಿಯಲ್ಲಿ ಗಾಳಿಚೀಲಗಳನ್ನಿಟ್ಟು ಮುಖವನ್ನು ಉಬ್ಬಿಸಿದರು. ಒಂದೇ ವರ್ಷ, ಒಂದೇ ಗರಡಿಯಿಂದ ಬಂದ ಇಬ್ಬರು!

2010ರ ‘ದಿ ವುಲ್ಫ್‌ಮ್ಯಾನ್’ ನನಗೆ ನೋವು ತಂದ ಚಿತ್ರ. ಬೇಕರ್ ಮತ್ತು ಡೇವ್ ಎಲ್ಸಿ ಬೆನಿಸಿಯೋ ಡೆಲ್ ಟೊರೊ ಅವರಿಗೆ ಪಿಯರ್ಸ್ ರೂಪವನ್ನು ನೆನಪಿಸುವ ಪ್ರಸಾಧನ ಮಾಡಿದರು, ಆಸ್ಕರ್ ಕೂಡ ಬಂತು. ಆದರೆ ರೂಪಾಂತರವನ್ನು ಕಂಪ್ಯೂಟರಿಗೆ ಒಪ್ಪಿಸಲಾಯಿತು. ಮುಖ ಪಿಯರ್ಸ್ ಅವರನ್ನು ನೆನೆಯುತ್ತದೆ, ಆ ಮುಖಕ್ಕೆ ಸಾಗುವ ದಾರಿ ಯಾರನ್ನೂ ನೆನೆಯುವುದಿಲ್ಲ.

ಇರುಳುನೋಟ

ಬಣ್ಣದ ಪೆಟ್ಟಿಗೆ ಅವರ ಬರಹಕ್ಕೆ ಧನ್ಯವಾದಗಳು. ಯಾರ ಗಮನಕ್ಕೂ ಬಾರದ ಇನ್ನೊಂದು ಎಳೆ ಇದೆ: ಗಿಡ.

1935ರ ಚಿತ್ರದಲ್ಲಿ ಸಸ್ಯವಿಜ್ಞಾನಿಯೊಬ್ಬ ಟಿಬೆಟ್ಟಿನಿಂದ ತಂದ, ಬೆಳದಿಂಗಳಲ್ಲಿ ಅರಳುವ ‘ಮಾರಿಫಾಸಾ’ ಎಂಬ ಕಲ್ಪಿತ ಹೂವು ರೂಪಾಂತರವನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ಆ ಹೂವಿಗಾಗಿಯೇ ಇಬ್ಬರು ತೋಳಮಾನವರು ಹೊಡೆದಾಡುತ್ತಾರೆ. 1941ರ ಪದ್ಯದಲ್ಲಿ ಬರುವುದು ‘ವುಲ್ಫ್ಸ್‌ಬೇನ್’, ಅಂದರೆ ವತ್ಸನಾಭಿಯ ಕುಲಕ್ಕೆ ಸೇರಿದ ವಿಷಸಸ್ಯ. ಅಲ್ಲಿ ಅದು ಔಷಧವಲ್ಲ, ಅದು ಅರಳುವ ಕಾಲವೇ ಅಪಾಯದ ಕಾಲ. ಆಮೇಲೆ 2000ದಲ್ಲಿ ಬಂದ ಕೆನಡಾದ ‘ಜಿಂಜರ್ ಸ್ನ್ಯಾಪ್ಸ್’ ಚಿತ್ರದಲ್ಲಿ ತಂಗಿ ತನ್ನ ಅಕ್ಕನನ್ನು ಉಳಿಸಿಕೊಳ್ಳಲು ಹುಡುಕುವ ಮದ್ದು ‘ಮಾಂಕ್ಸ್‌ಹುಡ್’. ಅದೂ ಅದೇ ಕುಲದ ಗಿಡ. ಹೆಣ್ಣುಮಗಳ ಮೊದಲ ಋತುಸ್ರಾವವನ್ನೂ ತೋಳದ ಕಡಿತವನ್ನೂ ಒಟ್ಟಿಗೆ ತಂದ ಈ ಚಿತ್ರ ಹಳೆಯದನ್ನೆಲ್ಲ ಬಿಸಾಡಿದ ಕ್ರಾಂತಿಯೆಂದು ಹೊಗಳುವವರಿದ್ದಾರೆ. ಹೊಗಳಿಕೆ ಸರಿಯಾದದ್ದೇ, ಆದರೆ ಬಿಸಾಡಿದ್ದು ನಿಜವಲ್ಲ. 1935ರ ಹೂವಿನ ಕೆಲಸವನ್ನು 1941ರ ಗಿಡಕ್ಕೆ ಒಪ್ಪಿಸಿದ ಚಿತ್ರ ಅದು. ಯಾವ ಪಾತ್ರಕ್ಕೂ ಹಳೆಯ ನಿರ್ದೇಶಕರ ಹೆಸರಿಡದೆ, ಹಳೆಯ ಚಿತ್ರದ ತುಣುಕನ್ನು ತೋರಿಸದೆ, ಹಳೆಯ ಕಥೆಯೊಳಗಿದ್ದ ಬೀಜವೊಂದನ್ನು ತನ್ನ ನೆಲದಲ್ಲಿ ಬೆಳೆಸಿದೆ.

ಕೊನೆಯ ಸಾಲು

ಇರುಳುನೋಟ ಅವರು ಹೇಳಿದ್ದು ನನ್ನ ಮಾತಿಗೆ ಬೆಂಬಲವೆಂದೇ ತಿಳಿಯುತ್ತೇನೆ: ಒಳಗಿನಿಂದ ಬಂದ ಸ್ಮರಣೆ ಗಟ್ಟಿ, ಹೊರಗಿನ ಗುರುತುಗಳು ಟೊಳ್ಳು. ಹಾಗಾದರೆ ಮೈಕಲ್ ಜಿಯಾಕಿನೋ ಅವರ ‘ವೇರ್‌ವುಲ್ಫ್ ಬೈ ನೈಟ್’ (2022) ಬಗ್ಗೆ ಏನು ಹೇಳುತ್ತೀರಿ? ಸಂಪೂರ್ಣ ಡಿಜಿಟಲ್ ಕಾಲದ ಕೃತಿ ಕಪ್ಪು-ಬಿಳುಪಿನಲ್ಲಿದೆ. ರೀಲು ಬದಲಿಸುವ ಸಮಯವನ್ನು ಪ್ರೊಜೆಕ್ಟರ್ ನಡೆಸುವವನಿಗೆ ತಿಳಿಸಲು ಚೌಕಟ್ಟಿನ ಮೂಲೆಯಲ್ಲಿ ಮೂಡುತ್ತಿದ್ದ ಚುಕ್ಕೆಗಳನ್ನೂ ಸೇರಿಸಿದ್ದಾರೆ, ಬದಲಿಸಬೇಕಾದ ರೀಲು ಇಲ್ಲದಿದ್ದರೂ. ಇದು ನನಗೆ ವೇಷವಾಗಿಯೇ ಕಂಡಿತು.

ಬಣ್ಣದ ಪೆಟ್ಟಿಗೆ

ಚುಕ್ಕೆಗಳ ಬಗ್ಗೆ ವಾದಿಸುವುದಿಲ್ಲ. ಆದರೆ ಆ ಚಿತ್ರದ ರೂಪಾಂತರವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಕ್ಯಾಮೆರಾ ಬದಲಾಗುತ್ತಿರುವವನ ಮೇಲಿಲ್ಲ. ಪಂಜರದೊಳಗೆ ಅವನೊಡನೆ ಸಿಕ್ಕಿಕೊಂಡಿರುವ ಎಲ್ಸಾಳ ಮುಖದ ಮೇಲಿದೆ, ಅವನು ನಮಗೆ ಗೋಡೆಯ ಮೇಲಿನ ನೆರಳಾಗಿ ಮಾತ್ರ ಕಾಣುತ್ತಾನೆ. 1981ರ ಬಳಿಕ ಪ್ರತಿ ಚಿತ್ರವೂ ಬೇಕರ್ ಅವರನ್ನು ಮೀರಿಸಲು ಹೊರಟು, ಮೂಳೆ ಮುರಿಯುವ ಸದ್ದನ್ನು ಹೆಚ್ಚಿಸುತ್ತಾ ಹೋಯಿತು. ಈ ಚಿತ್ರ ಆ ಸ್ಪರ್ಧೆಯನ್ನು ಬಿಟ್ಟು, ವ್ಯಾಲ್ ಲ್ಯೂಟನ್ ನಿರ್ಮಿಸಿ ಜ್ಯಾಕ್ ಟೂರ್ನರ್ ನಿರ್ದೇಶಿಸಿದ 1942ರ ‘ಕ್ಯಾಟ್ ಪೀಪಲ್’ ಚಿತ್ರದ ದಾರಿ ಹಿಡಿಯಿತು. ಆ ಚಿತ್ರದ ಈಜುಕೊಳದ ದೃಶ್ಯದಲ್ಲಿ ನೀರಿನ ಬೆಳಕು, ಗೋಡೆಯ ನೆರಳು, ಒಂದು ಗುರುಗುಟ್ಟುವ ಸದ್ದು, ಇಷ್ಟರಿಂದಲೇ ಚಿರತೆ ಹುಟ್ಟುತ್ತದೆ. ಕಡಿಮೆ ಹಣದ ಒತ್ತಡದಲ್ಲಿ ಹುಟ್ಟಿದ ಉಪಾಯವನ್ನು, ಹಣಕ್ಕೆ ಕೊರತೆಯಿಲ್ಲದ ಸಂಸ್ಥೆಯ ನಿರ್ದೇಶಕನೊಬ್ಬ ತಾನಾಗಿ ಆರಿಸಿಕೊಂಡದ್ದು ನನಗೆ ದೊಡ್ಡ ವಿಷಯ.

ಕೊನೆಯ ಸಾಲು

ಆ ದೃಶ್ಯವನ್ನು ಈಗ ಮತ್ತೆ ನೋಡಿದೆ. ನಿಮ್ಮ ಮಾತು ಸರಿ. ಅದನ್ನು ವೇಷವೆಂದು ಕರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಮಸುಕು ಪರದೆ

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಹುಣ್ಣಿಮೆ, ಬೆಳ್ಳಿ, ಗಿಡ, ಕೂದಲು ಎಲ್ಲವೂ ಚರ್ಚೆಗೆ ಬಂದವು. ನನ್ನ ಮಟ್ಟಿಗೆ 1941ರ ಚಿತ್ರದ ಹೃದಯ ಇವುಗಳಲ್ಲಿ ಯಾವುದರಲ್ಲೂ ಇಲ್ಲ. ಅದು ತಂದೆ-ಮಗನ ಸಂಬಂಧದಲ್ಲಿದೆ. ಅಣ್ಣನ ಸಾವಿನ ನಂತರ ಮನೆಗೆ ಮರಳಿದ ಲ್ಯಾರಿ ಬೆಳ್ಳಿಯ ಹಿಡಿಯಿರುವ ಊರುಗೋಲೊಂದನ್ನು ಕೊಳ್ಳುತ್ತಾನೆ. ಮಗನ ಮಾತನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವ ತಂದೆ, ಕೊನೆಗೆ ಅದೇ ಊರುಗೋಲಿನಿಂದ ತೋಳವನ್ನು ಹೊಡೆದು ಕೊಲ್ಲುತ್ತಾನೆ, ಮತ್ತು ಕೂದಲು ಕರಗಿದ ಮೇಲೆ ತನ್ನ ಮಗನ ಮುಖವನ್ನು ಕಾಣುತ್ತಾನೆ. ಕ್ಲಾಡ್ ರೇನ್ಸ್ ಅವರ ಆ ಕ್ಷಣದ ಮುಖಭಾವವನ್ನು ಮರೆಯಲು ನನಗೆ ಆಗಿಲ್ಲ. ಬಣ್ಣದ ಪೆಟ್ಟಿಗೆ ಅವರು ಹೇಳಿದ ಹಿಮ್ಮುಖ ಡಿಸಾಲ್ವ್ ಚಮತ್ಕಾರವಾಗಿ ಉಳಿಯದೆ ದುರಂತವಾಗುವುದು ಈ ತಂದೆ ಅದನ್ನು ನೋಡುತ್ತಾ ನಿಂತಿರುವುದರಿಂದ.

ಈ ಒಂದು ಸನ್ನಿವೇಶವನ್ನು ಮುಂದಿನವರು ಏನು ಮಾಡಿದರೆಂದು ನೋಡಿ. 2010ರ ಚಿತ್ರದಲ್ಲಿ ಆಂಥನಿ ಹಾಪ್ಕಿನ್ಸ್ ನಿರ್ವಹಿಸಿದ ತಂದೆಯೇ ಮೂಲ ತೋಳಮಾನವ. ಇಬ್ಬರೂ ರೂಪಾಂತರ ಹೊಂದಿ ಸೆಣಸುತ್ತಾರೆ, ಮಗ ತಂದೆಯನ್ನು ಕೊಲ್ಲುತ್ತಾನೆ. ತಂದೆಯನ್ನು ಖಳನನ್ನಾಗಿ ಮಾಡಿದ ಕೂಡಲೇ, ತಿಳಿಯದೆ ಪ್ರೀತಿಪಾತ್ರನನ್ನು ಕೊಂದ ದುಃಖಕ್ಕೆ ಜಾಗ ಉಳಿಯಲಿಲ್ಲ. ಲೀ ವಾನೆಲ್ ಅವರ 2025ರ ‘ವುಲ್ಫ್ ಮ್ಯಾನ್’ ಬೆಳ್ಳಿಯನ್ನೂ ಹುಣ್ಣಿಮೆಯನ್ನೂ ಬದಿಗಿಟ್ಟು, ಶಾಪವನ್ನು ರೋಗವೆಂಬಂತೆ ನೋಡುತ್ತದೆ. ಬದಲಾಗುತ್ತಿರುವವನ ಕಿವಿಗೆ ಹೆಂಡತಿಯ ಮಾತು ಅರ್ಥವಿಲ್ಲದ ಸದ್ದಾಗುವುದನ್ನು ನಮಗೂ ಕೇಳಿಸುತ್ತದೆ. ಅಲ್ಲಿಯೂ ಮೂಲದಲ್ಲಿರುವುದು ತಂದೆ-ಮಗನ ಸಂಬಂಧವೇ. ಚಿತ್ರಕಥೆಯ ದೌರ್ಬಲ್ಯಗಳ ನಡುವೆಯೂ, ಮನೆಯವರ ಕಣ್ಣೆದುರಿಗೇ ಒಬ್ಬ ಮನುಷ್ಯ ಕೈತಪ್ಪಿ ಹೋಗುವ ಸಂಕಟವನ್ನು ಅದು 2010ರ ಚಿತ್ರಕ್ಕಿಂತ ಚೆನ್ನಾಗಿ ಅರಿತಿದೆ.

ಇನ್ನೊಂದು ಆನುವಂಶಿಕ ಗುಣವಿದೆ, ಅದು ಬಂದದ್ದು 1943ರ ಚಿತ್ರದಿಂದ. ಸಮಾಧಿಯಿಂದ ಎದ್ದ ಟಾಲ್ಬಟ್ ಅಲ್ಲಿ ಬಯಸುವುದು ಒಂದೇ, ತನಗೆ ನಿಜವಾದ ಸಾವು ಬರಲಿ ಎಂದು. ಲ್ಯಾಂಡಿಸ್ 1969ರಲ್ಲೇ ಬರೆದಿಟ್ಟಿದ್ದ ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಕಥೆಯಲ್ಲಿ ಈ ಬೇಡಿಕೆ ಬಾಯಿ ಬದಲಿಸುತ್ತದೆ: ಸಾಯಬೇಕೆಂದು ಕೇಳುವವನು ತೋಳಮಾನವನಲ್ಲ, ತೋಳಕ್ಕೆ ಬಲಿಯಾದ ಗೆಳೆಯ ಜ್ಯಾಕ್. ಕೊಳೆಯುತ್ತಿರುವ ದೇಹದೊಡನೆ ಮತ್ತೆ ಮತ್ತೆ ಬಂದು, ನೀನು ಸಾಯದೆ ನಮಗೆ ಬಿಡುಗಡೆಯಿಲ್ಲವೆಂದು ಅವನು ಡೇವಿಡ್‌ಗೆ ಹೇಳುತ್ತಾನೆ. ಬೆಳ್ಳಿಯ ಗುಂಡು ಬೇಕೇ ಎಂದು ಡೇವಿಡ್ ಕೇಳಿದಾಗ ಜ್ಯಾಕ್ ಅದನ್ನು ತಮಾಷೆಯೆಂಬಂತೆ ತಳ್ಳಿಬಿಡುತ್ತಾನೆ. ಕೊನೆಗೆ ಲಂಡನ್ನಿನ ಓಣಿಯೊಂದರಲ್ಲಿ ಪೊಲೀಸರ ಸಾಮಾನ್ಯ ಗುಂಡುಗಳೇ ಸಾಕಾಗುತ್ತವೆ. ಡೇವಿಡ್ ತನ್ನ ಬಾಯಿಂದ ಹೆಸರಿಸುವುದು 1941ರ ಚಿತ್ರವನ್ನು, ಆದರೆ ಅವನು ಸಾಯುವುದು 1935ರ ಚಿತ್ರದ ನಾಯಕನಂತೆ, ಅದೇ ಊರಿನಲ್ಲಿ. ಹಿಮ್ಮುಖ ಡಿಸಾಲ್ವ್ ಕೂಡ ಇಲ್ಲ. ಒಂದು ಕಟ್, ತೋಳವಿದ್ದ ಜಾಗದಲ್ಲಿ ಬೆತ್ತಲೆ ಹುಡುಗ. ಪಿಯರ್ಸ್ ಕಾಲದ ಆ ಶಾಂತಿಯನ್ನು ಅವನಿಗೆ ಕೊಡದೆ ಇರುವುದೇ ಲ್ಯಾಂಡಿಸ್ ಅವರ ಕ್ರೌರ್ಯ, ಮತ್ತು ಅವರ ಪ್ರಾಮಾಣಿಕತೆ.

ಹೊಸ ಓದುಗ

ಎಲ್ಲರಿಗೂ ನಮಸ್ಕಾರ. ನಾನು ನೋಡಿರುವುದು 2010ರ ಚಿತ್ರವೊಂದನ್ನೇ. ಹಳೆಯ ಕಪ್ಪು-ಬಿಳುಪಿನ ಚಿತ್ರಗಳು ನಿಧಾನವೆಂದು ಹೆದರಿ ದೂರವಿದ್ದೆ. ಎಲ್ಲಿಂದ ಆರಂಭಿಸಿದರೆ ನೀವೆಲ್ಲ ಹೇಳುತ್ತಿರುವ ಎಳೆಗಳು ಕಾಣುತ್ತವೆ?

ಹಳೆಯ ರೀಲು

ಸ್ವಾಗತ. ನಿಧಾನದ ಬಗ್ಗೆ ಹೆದರಬೇಡಿ, 1941ರ ‘ದಿ ವುಲ್ಫ್ ಮ್ಯಾನ್’ ಕೇವಲ 70 ನಿಮಿಷಗಳ ಚಿತ್ರ. ಅದನ್ನು ಮೊದಲು ನೋಡಿ. ಆಮೇಲೆ 1943ರದನ್ನು ಬಿಡದೆ ನೋಡಿ. ಎರಡು ಭೂತಗಳನ್ನು ಒಂದೇ ಭಿತ್ತಿಪತ್ರದಲ್ಲಿ ಸೇರಿಸಿ ಮಾರಿದ ಚಿತ್ರವೆಂದು ಅದನ್ನು ಕಡೆಗಣಿಸುವುದುಂಟು, ಆದರೆ ಮೊದಲ ಹತ್ತು ನಿಮಿಷಗಳ ಸ್ಮಶಾನದ ದೃಶ್ಯದಷ್ಟು ಗಾಢವಾದ ವಾತಾವರಣ ಆ ಇಡೀ ಸರಣಿಯಲ್ಲಿ ಇನ್ನೆಲ್ಲೂ ಇಲ್ಲ. ಅಲ್ಲಿಂದ ನೇರವಾಗಿ 1981ಕ್ಕೆ ಬಂದು ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ನೋಡಿ, ನಂತರ 1935ಕ್ಕೆ ಹಿಂದಿರುಗಿ. ಮಸುಕು ಪರದೆ ಅವರು ಹೇಳಿದ ಸಾವಿನ ಹೋಲಿಕೆ ಈ ಕ್ರಮದಲ್ಲಿ ನೋಡಿದರೆ ತಾನಾಗಿಯೇ ಕಾಣುತ್ತದೆ. ‘ಜಿಂಜರ್ ಸ್ನ್ಯಾಪ್ಸ್’ ನೋಡುವಾಗ ಇರುಳುನೋಟ ಅವರ ಗಿಡವನ್ನು ನೆನಪಿಡಿ.

‘ದಿ ಹೌಲಿಂಗ್’ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ, ಮತ್ತು ಹೆಸರುಗಳ ಪಟ್ಟಿ ಬರುವಾಗ ಎದ್ದು ಹೋಗಬೇಡಿ. ಎಲ್ಲವೂ ಮುಗಿದ ಮೇಲೆ 1941ರ ಚಿತ್ರದ ಒಂದು ತುಣುಕು ಬರುತ್ತದೆ. ಅದರಲ್ಲಿ ಕಾಣುವವರು ಮಲೇವಾ ಪಾತ್ರದ ಮರಿಯಾ ಔಸ್ಪೆನ್‌ಸ್ಕಾಯಾ. ಅಷ್ಟರಲ್ಲಿ ಅವರು ಯಾರೆಂದು ನಿಮಗೆ ತಿಳಿದಿರುತ್ತದೆ.